ಕೊನೆಯ ಗಾಜಿನ ಫಲಕ

ಪ್ರವಾಸ ಹೋಗಿಬಂದವರೆಲ್ಲರೂ ತಾವು ಕಂಡ ಸ್ಥಳಗಳನ್ನು ನಿಜವಾಗಿ ನೋಡಿ ಬಂದಿರುತ್ತಾರೆಂದು ಹೇಳಲಾಗದು. ಬೆಟ್ಟದ ತುದಿಯನ್ನೇರಿದೊಡನೆ ಕ್ಯಾಮರಾವನ್ನು ಹೊರತೆಗೆದು, ನಾಲ್ಕಾರು ಚಿತ್ರಗಳನ್ನು ತೆಗೆದು, ಹೊತ್ತಾಯಿತೆಂದು ಇಳಿದುಬರುವವರೇ ಹೆಚ್ಚು. ಇಂದು ಮೊಬೈಲ್ ಫೋನು ಕೈಯಲ್ಲಿರುವ ಪ್ರತಿಯೊಬ್ಬನೂ ಛಾಯಾಗ್ರಾಹಕನೇ. ಒಂದು ಜಲಪಾತದ ಮುಂದೆ ನಿಂತು ಐವತ್ತು ಚಿತ್ರಗಳನ್ನು ತೆಗೆದರೂ ಕಾಸಿನ ಖರ್ಚಿಲ್ಲ. ಆದರೆ ಮನೆಗೆ ಬಂದು ನೋಡಿದಾಗ, ಅಲ್ಲಿ ಮೈನವಿರೇಳಿಸಿದ ನೋಟಕ್ಕೂ ಚಿತ್ರದಲ್ಲಿ ಮೂಡಿದ ನೋಟಕ್ಕೂ ಸಂಬಂಧವೇ ಇಲ್ಲವೆನಿಸುತ್ತದೆ. ಮಹಾಪರ್ವತವು ಸಣ್ಣ ಗುಡ್ಡವಾಗಿ, ಜಲಪಾತವು ಬಿಳಿಯ ದಾರವಾಗಿ ತೋರುತ್ತದೆ. ಹೀಗೇಕೆ ಆಗುತ್ತದೆ? ಕಣ್ಣು ಕಂಡದ್ದನ್ನು ಯಂತ್ರವೇಕೆ ಕಾಣಲಿಲ್ಲ? ಅಮೆರಿಕದ ಹವ್ಯಾಸಿ ಛಾಯಾಗ್ರಾಹಕನೊಬ್ಬನು ಹನ್ನೊಂದು ವರ್ಷಗಳ ಕಾಲ ಬೆಟ್ಟಗಳಲ್ಲಿ ಅಲೆದು ಈ ಪ್ರಶ್ನೆಗೆ ಉತ್ತರವನ್ನು ಕಂಡುಕೊಂಡನು. ಆತನ ಹೆಸರು ಆನ್ಸೆಲ್ ಆಡಮ್ಸ್.

ಆನ್ಸೆಲನು 1902ರ ಫೆಬ್ರವರಿ 20ರಂದು ಅಮೆರಿಕ ಸಂಯುಕ್ತ ಸಂಸ್ಥಾನದ ಪಶ್ಚಿಮ ಕರಾವಳಿಯಲ್ಲಿರುವ ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ ಜನಿಸಿದನು. ತಂದೆತಾಯಿಗಳಿಗೆ ಆತನೊಬ್ಬನೇ ಮಗ. ಊರಿನ ಅಂಚಿನ ಮರಳುದಿಬ್ಬಗಳ ನಡುವೆ, ಸಮುದ್ರಕ್ಕೆ ಸಮೀಪದಲ್ಲಿ ಅವರ ಮನೆಯಿತ್ತು. ಆತನಿಗೆ ನಾಲ್ಕು ವರ್ಷವಾಗಿದ್ದಾಗ, ಎಂದರೆ 1906ರ ಏಪ್ರಿಲಿನಲ್ಲಿ, ಆ ನಗರವನ್ನು ಭೀಕರವಾದ ಭೂಕಂಪವು ನಡುಗಿಸಿತು. ಮೊದಲ ಕಂಪನದಿಂದ ಪಾರಾದ ಬಾಲಕನನ್ನು ಅನಂತರ ಬಂದ ಮರುಕಂಪನವು ತೋಟದ ಗೋಡೆಗೆ ಎತ್ತಿ ಬಡಿಯಿತು. ಆತನ ಮೂಗು ಮುರಿಯಿತು. ಆ ಮೂಗಿನ ಡೊಂಕು ಆತನ ಜೀವಮಾನವಿಡೀ ಹಾಗೆಯೇ ಉಳಿಯಿತು.

ಬಾಲಕ ಆನ್ಸೆಲನದು ಬಹು ಚಂಚಲ ಸ್ವಭಾವ. ತರಗತಿಯಲ್ಲಿ ಒಂದೆಡೆ ಕುಳಿತಿರುವುದು ಆತನಿಗೆ ಶಿಕ್ಷೆಯೇ ಆಗಿತ್ತು. ಶಾಲೆಗಳನ್ನು ಬದಲಾಯಿಸಿದ್ದಾಯಿತು, ಪ್ರಯೋಜನವಾಗಲಿಲ್ಲ. ಕೊನೆಗೆ ತಂದೆಯು ಮಗನನ್ನು ಹನ್ನೆರಡನೆಯ ವಯಸ್ಸಿನಲ್ಲಿ ಶಾಲೆಯಿಂದ ಬಿಡಿಸಿ ಮನೆಯಲ್ಲಿಯೇ ಪಾಠದ ವ್ಯವಸ್ಥೆ ಮಾಡಿದನು. ಸಂಸಾರದ ಮರದ ವ್ಯಾಪಾರವು ಕುಸಿದು, ಹಣದ ಅಡಚಣೆಯಿದ್ದ ಕಾಲವದು. ಆದರೂ ತಂದೆಗೆ ಮಗನ ಮೇಲಿದ್ದ ವಿಶ್ವಾಸವು ಕಡಿಮೆಯಾಗಲಿಲ್ಲ. 1915ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ದೊಡ್ಡದೊಂದು ಅಂತರರಾಷ್ಟ್ರೀಯ ವಸ್ತುಪ್ರದರ್ಶನವು ನಡೆದಾಗ, ಆತನು ಮಗನಿಗೆ ಇಡೀ ವರ್ಷದ ಪ್ರವೇಶಪತ್ರವನ್ನು ಕೊಂಡುಕೊಟ್ಟು, ಅದನ್ನೇ ಆ ವರ್ಷದ ಪಾಠಶಾಲೆಯೆಂದು ತಿಳಿಯುವಂತೆ ಹೇಳಿದನು.

ಇಷ್ಟರಲ್ಲಿಯೇ ಹುಡುಗನು ಮನೆಯಲ್ಲಿದ್ದ ಪಿಯಾನೋ ವಾದ್ಯವನ್ನು ತಾನಾಗಿಯೇ ನುಡಿಸಲು ಕಲಿತಿದ್ದನು. ಆತನಿಗೆ ಶಿಸ್ತು ಬಂದದ್ದು ಈ ವಾದ್ಯದಿಂದ. ಒಂದು ಸ್ವರವು ತಪ್ಪಿದರೂ ಗುರುಗಳು ಮುಂದಕ್ಕೆ ಬಿಡುತ್ತಿರಲಿಲ್ಲ. ಮತ್ತೆ ಮತ್ತೆ ನುಡಿಸಬೇಕಾಗಿತ್ತು. ಮುಂದೆ ಪಿಯಾನೋ ವಾದಕನಾಗಿಯೇ ಜೀವನ ಸಾಗಿಸಬೇಕೆಂದು ಆತನು ನಿಶ್ಚಯಿಸಿಕೊಂಡನು. ಮನೆಯವರ ಆಶಯವೂ ಅದೇ ಆಗಿತ್ತು. ಛಾಯಾಗ್ರಹಣದ ಮಾತು ಆಗ ಯಾರ ಮನಸ್ಸಿನಲ್ಲಿಯೂ ಇರಲಿಲ್ಲ.

1916ರಲ್ಲಿ ಆನ್ಸೆಲನು ನೆಗಡಿಯಿಂದ ಹಾಸಿಗೆ ಹಿಡಿದು ಮಲಗಿದ್ದಾಗ, ಆತನ ಹತ್ತಿರದ ಬಂಧುವಾದ ಹಿರಿಯಳೊಬ್ಬಳು ಹೊತ್ತು ಕಳೆಯಲೆಂದು ಒಂದು ಹಳೆಯ ಪುಸ್ತಕವನ್ನು ಕೊಟ್ಟಳು. ಅದು ಸಿಯೆರಾ ನೆವಾಡ ಪರ್ವತಶ್ರೇಣಿಯನ್ನೂ ಅದರೊಳಗಿನ ಯೊಸೆಮಿಟಿ ಎಂಬ ಕಣಿವೆಯನ್ನೂ ಕುರಿತದ್ದು. ಪುಸ್ತಕವನ್ನು ಓದಿದ ಹುಡುಗನಿಗೆ ಆ ಕಣಿವೆಯ ಹಂಬಲ ಹಿಡಿಯಿತು. ಬೇಸಗೆಯ ಪ್ರವಾಸಕ್ಕೆ ಅಲ್ಲಿಗೇ ಹೋಗಬೇಕೆಂದು ತಂದೆತಾಯಿಗಳನ್ನು ಬಿಡದೆ ಕಾಡಿ ಒಪ್ಪಿಸಿದನು.

ಯೊಸೆಮಿಟಿಯು ಸಾಮಾನ್ಯವಾದ ಕಣಿವೆಯಲ್ಲ. ನದಿಯೂ ಹಿಮನದಿಗಳೂ ಲಕ್ಷಾಂತರ ವರ್ಷಗಳ ಕಾಲ ಕೊರೆದು ರೂಪಿಸಿದ ಆ ಕಮರಿಯ ಎರಡು ಕಡೆಗಳಲ್ಲಿಯೂ ಬೂದುಬಣ್ಣದ ಗ್ರಾನೈಟ್ ಕಲ್ಲಿನ ಗೋಡೆಗಳು ಲಂಬವಾಗಿ ನಿಂತಿವೆ. ಯೊಸೆಮಿಟಿ ಜಲಪಾತವು ಮೂರು ಹಂತಗಳಲ್ಲಿ ಒಟ್ಟು 2,425 ಅಡಿ ಕೆಳಕ್ಕೆ ಧುಮುಕುತ್ತದೆ. ಕಣಿವೆಯ ಪೂರ್ವದ ತುದಿಯಲ್ಲಿ ಹಾಫ್ ಡೋಮ್ ಎಂಬ ಏಕಶಿಲೆಯ ಶಿಖರವಿದೆ. ಆ ಹೆಸರಿಗೆ ಅರ್ಧಗುಮ್ಮಟವೆಂದು ಅರ್ಥ. ಗುಮ್ಮಟವೊಂದನ್ನು ನಡುವಿನಲ್ಲಿ ಸೀಳಿ ಅರ್ಧವನ್ನು ಮಾತ್ರ ಉಳಿಸಿದಂತೆ ಕಾಣುವ ಆ ಬಂಡೆಯು ಕಣಿವೆಯ ನೆಲದಿಂದ ಸುಮಾರು 4,800 ಅಡಿ ಮೇಲಕ್ಕೆದ್ದಿದೆ. ಈ ಕಣಿವೆಯಲ್ಲಿ ತಲೆತಲಾಂತರದಿಂದ ಅಹ್ವಾನೀಚಿ ಎಂಬ ಮೂಲನಿವಾಸಿಗಳು ಬಾಳುತ್ತಿದ್ದರು. 1851ರಲ್ಲಿ ಬಿಳಿಯರ ಶಸ್ತ್ರಸಜ್ಜಿತ ದಂಡು ಕಣಿವೆಯನ್ನು ಹೊಕ್ಕು ಅವರನ್ನು ಅಲ್ಲಿಂದ ಹೊರಡಿಸಿತು. ಅನಂತರ ಅದು ಪ್ರವಾಸಿಗಳ ತಾಣವಾಯಿತು. 1890ರಲ್ಲಿ ಅದರ ಸುತ್ತಣ ಪ್ರದೇಶವು ರಾಷ್ಟ್ರೀಯ ಉದ್ಯಾನವೆಂದು ಘೋಷಿತವಾಯಿತು.

1916ರ ಜೂನ್ ತಿಂಗಳಿನಲ್ಲಿ ಆಡಮ್ಸ್ ಕುಟುಂಬವು ರೈಲಿನಲ್ಲಿ ಪ್ರಯಾಣ ಮಾಡಿ, ಕೊನೆಯ ಹಾದಿಯನ್ನು ಬಸ್ಸಿನಲ್ಲಿ ಕ್ರಮಿಸಿ ಕಣಿವೆಯನ್ನು ಸೇರಿತು. ಅಲ್ಲಿ ತಂದೆತಾಯಿಗಳು ಮಗನ ಕೈಗೆ ಒಂದು ಕ್ಯಾಮರಾವನ್ನು ಕೊಟ್ಟರು. ಅದು ಬಾಕ್ಸ್ ಬ್ರೌನಿ ಎಂಬುದು. ಸಾಮಾನ್ಯ ಜನರೂ ಕೊಳ್ಳಲೆಂದು ಕೊಡಕ್ ಸಂಸ್ಥೆಯು 1900ರಲ್ಲಿ ಒಂದು ಡಾಲರಿನ ಬೆಲೆಗೆ ಮಾರಾಟಕ್ಕೆ ತಂದ ಕ್ಯಾಮರಾದ ವಂಶಕ್ಕೆ ಸೇರಿದ್ದು. ನೋಡುವುದಕ್ಕೆ ಬರಿಯ ಪೆಟ್ಟಿಗೆ; ಅದಕ್ಕೊಂದು ಸರಳವಾದ ಮಸೂರ, ಒಂದು ಗುಂಡಿ. ಹೆಚ್ಚಿನ ತಿಳಿವಳಿಕೆಯೇನೂ ಬೇಕಾಗಿರಲಿಲ್ಲ. ಹುಡುಗನು ಆ ಪೆಟ್ಟಿಗೆಯನ್ನು ಹಿಡಿದು ಕಣಿವೆಯಲ್ಲಿ ಮೂಲೆಮೂಲೆಗೂ ಓಡಾಡಿದನು.

ಒಂದು ದಿನ ಹಾಫ್ ಡೋಮ್ ಶಿಖರದ ಚಿತ್ರವನ್ನು ತೆಗೆಯಲೆಂದು ಆತನು ಒಂದು ಮರದ ಮೋಟಿನ ಮೇಲೆ ಹತ್ತಿ ನಿಂತನು. ಮೋಟು ಒಳಗೊಳಗೇ ಲಡ್ಡು ಹಿಡಿದಿತ್ತು. ಇನ್ನೇನು ಗುಂಡಿಯನ್ನು ಒತ್ತಬೇಕೆನ್ನುವಷ್ಟರಲ್ಲಿ ಅದು ಕುಸಿಯಿತು. ಹುಡುಗನು ತಲೆಕೆಳಗಾಗಿ ಉರುಳಿದನು. ಬೀಳುವಾಗ ಬೆರಳು ತಾನಾಗಿಯೇ ಗುಂಡಿಯನ್ನು ಒತ್ತಿಬಿಟ್ಟಿತು. ಫಿಲ್ಮನ್ನು ತೊಳೆದುಕೊಟ್ಟ ಅಂಗಡಿಯವನಿಗೆ ಆಶ್ಚರ್ಯವೋ ಆಶ್ಚರ್ಯ. ಸುರುಳಿಯಲ್ಲಿದ್ದ ಉಳಿದ ಚಿತ್ರಗಳೆಲ್ಲ ನೆಟ್ಟಗಿರುವಾಗ ಇದೊಂದು ಮಾತ್ರ ತಲೆಕೆಳಗಾದದ್ದು ಹೇಗೆಂದು ಆತನು ಕೇಳಿದನಂತೆ. ಆನ್ಸೆಲನು ಆ ತಲೆಕೆಳಗಿನ ಚಿತ್ರವನ್ನು ಎಸೆಯಲಿಲ್ಲ. ಮುಂದೆ ಜಗತ್ಪ್ರಸಿದ್ಧನಾದ ಮೇಲೂ ಆ ವರ್ಷದ ಚಿತ್ರಗಳಲ್ಲಿ ಅದು ತನಗೆ ಬಲು ಪ್ರಿಯವೆಂದು ಹೇಳುತ್ತಿದ್ದನು. ಅದೇ ಶಿಖರವು ಹನ್ನೊಂದು ವರ್ಷಗಳ ಬಳಿಕ ತನ್ನ ಬಾಳಿನ ದಾರಿಯನ್ನೇ ತಿರುಗಿಸುವುದೆಂದು ಆಗ ಆತನಿಗೆ ತಿಳಿದಿರಲಿಲ್ಲ.

ಆ ಪ್ರವಾಸದ ಬಳಿಕ ಯೊಸೆಮಿಟಿಗೆ ಹೋಗಿಬರುವುದು ಆತನಿಗೆ ವರ್ಷದ ವ್ರತವಾಯಿತು. ಬದುಕಿರುವವರೆಗೂ ಆತನು ಅಲ್ಲಿಗೆ ಹೋಗದೆ ಕಳೆದ ವರ್ಷವಿಲ್ಲ. ಊರಿನಲ್ಲಿರುವಾಗ ಸಂಗೀತಾಭ್ಯಾಸ, ಬೇಸಗೆ ಬಂದರೆ ಬೆಟ್ಟ. ಕ್ಯಾಮರಾದ ಕೆಲಸವನ್ನು ಬುಡದಿಂದ ಕಲಿಯಬೇಕೆಂಬ ಆಸೆಯಿಂದ ಆತನು ಛಾಯಾಚಿತ್ರಗಳನ್ನು ತೊಳೆದು ಅಚ್ಚುಮಾಡಿಕೊಡುವ ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿದನು. ಕತ್ತಲೆಕೋಣೆಯಲ್ಲಿ ನಿಂತು ಇತರರು ತೆಗೆದ ನೂರಾರು ಚಿತ್ರಗಳನ್ನು ತೊಳೆಯುವಾಗ, ಯಾವುದು ಏಕೆ ಕೆಟ್ಟಿತೆಂಬುದು ಅರಿವಾಗುತ್ತಿತ್ತು. ಕ್ಯಾಮರಾ ಅಲುಗಿದ್ದು, ಬೆಳಕು ಹೆಚ್ಚಾದದ್ದು, ಬೆಳಕು ಸಾಲದೆ ಹೋದದ್ದು ಎಲ್ಲವೂ ಅಲ್ಲಿ ಬಯಲಾಗುತ್ತಿದ್ದವು. ಹವ್ಯಾಸವೆಂದರೆ ಬಿಡುವಿನ ವಿನೋದವಷ್ಟೇ ಎಂದು ಆತನು ಭಾವಿಸಲಿಲ್ಲ. ಪಿಯಾನೋವನ್ನು ಅಭ್ಯಾಸ ಮಾಡಿದಷ್ಟೇ ಶ್ರದ್ಧೆಯಿಂದ ಇದನ್ನೂ ಅಭ್ಯಾಸ ಮಾಡಿದನು.

ಹದಿನೇಳನೆಯ ವಯಸ್ಸಿನಲ್ಲಿ ಆನ್ಸೆಲನು ಸಿಯೆರಾ ಕ್ಲಬ್ ಎಂಬ ಸಂಘದ ಸದಸ್ಯನಾದನು. ಪರ್ವತಪ್ರದೇಶಗಳ ರಕ್ಷಣೆಗೆಂದು 1892ರಲ್ಲಿ ಸ್ಥಾಪಿತವಾದ ಆ ಸಂಘದ ಮೊದಲ ಅಧ್ಯಕ್ಷನು ಪ್ರಸಿದ್ಧ ನಿಸರ್ಗಪ್ರೇಮಿ ಜಾನ್ ಮ್ಯೂರ್. ಯೊಸೆಮಿಟಿಯಲ್ಲಿ ಸಂಘಕ್ಕೆ ಒಂದು ಕಲ್ಲಿನ ಕಟ್ಟಡವಿತ್ತು. ಕೆಲವು ಬೇಸಗೆಗಳಲ್ಲಿ ಆನ್ಸೆಲನು ಅದರ ಮೇಲ್ವಿಚಾರಕನಾಗಿ ದುಡಿದನು. ಬಿಡುವು ದೊರೆತಾಗ ಹೊರೆ ಹೊರುವ ಕತ್ತೆಯೊಂದರ ಮೇಲೆ ಗುಡಾರ, ಹೊದಿಕೆ, ಆಹಾರ, ಕ್ಯಾಮರಾ ಇವನ್ನೆಲ್ಲ ಹೇರಿಕೊಂಡು ಎತ್ತರದ ಕಣಿವೆಗಳಿಗೆ ಹೊರಟುಬಿಡುತ್ತಿದ್ದನು. ಅಲ್ಲಿ ಯಾವ ಸರೋವರದ ಮೇಲೆ ಎಷ್ಟು ಹೊತ್ತಿಗೆ ಬಿಸಿಲು ಬೀಳುತ್ತದೆ, ಯಾವ ಶಿಖರದಿಂದ ನೆರಳು ಯಾವಾಗ ಸರಿಯುತ್ತದೆ, ಮಳೆ ನಿಂತ ಮೇಲೆ ಮಂಜು ಯಾವ ಕಡೆಯಿಂದ ಏಳುತ್ತದೆ ಎಂಬುದೆಲ್ಲ ಆತನಿಗೆ ಕ್ರಮಕ್ರಮವಾಗಿ ಪರಿಚಯವಾಯಿತು.

ಬಾಕ್ಸ್ ಬ್ರೌನಿಯ ಕಾಲವು ಮುಗಿದು ಆತನ ಕೈಗೆ ದೊಡ್ಡ ಕ್ಯಾಮರಾ ಬಂದಿತು. ಅದರ ರಚನೆಯನ್ನು ತಿಳಿದರೆ ಮುಂದಿನ ಕಥೆಯು ಚೆನ್ನಾಗಿ ಅರ್ಥವಾಗುವುದು. ಆ ಕ್ಯಾಮರಾದ ಮುಂದೆ ಮಸೂರ, ಹಿಂದೆ ಒಂದು ಮಸುಕು ಗಾಜು, ನಡುವೆ ಹಾರ್ಮೋನಿಯಮ್ಮಿನ ತಿದಿಯಂತೆ ಹಿಗ್ಗಿ ಕುಗ್ಗುವ ಮಡಿಕೆಗಳ ಚೀಲವಿರುತ್ತದೆ. ಅದನ್ನು ಮುಕ್ಕಾಲಿಯ ಮೇಲೆ ನಿಲ್ಲಿಸಿ, ಛಾಯಾಗ್ರಾಹಕನು ತಲೆಯ ಮೇಲೆ ಕಪ್ಪುಬಟ್ಟೆಯನ್ನು ಹೊದ್ದು ಮಸುಕು ಗಾಜನ್ನು ನೋಡಬೇಕು. ಮುಂದಿನ ದೃಶ್ಯವು ಅದರ ಮೇಲೆ ತಲೆಕೆಳಗಾಗಿ ಮೂಡಿರುತ್ತದೆ. ಎಲ್ಲವನ್ನೂ ಹೊಂದಿಸಿಯಾದ ಮೇಲೆ ಬೆಳ್ಳಿಯ ಲವಣಗಳಿಂದ ಕೂಡಿದ ಲೇಪವನ್ನು ಬಳಿದ ಗಾಜಿನ ಫಲಕವನ್ನು ಬೆಳಕು ಸೋಕದಂತೆ ಹಿಂದೆ ಸೇರಿಸಿ, ಮಸೂರವನ್ನು ಲೆಕ್ಕವಿಟ್ಟು ತೆರೆದು ಮುಚ್ಚಬೇಕು. ಬೆಳಕು ತಗುಲಿದ ಕಡೆ ಆ ಲೇಪದಲ್ಲಿ ಕಣ್ಣಿಗೆ ಕಾಣದ ಬದಲಾವಣೆಯಾಗುತ್ತದೆ. ಕತ್ತಲೆಕೋಣೆಯಲ್ಲಿ ರಾಸಾಯನಿಕ ದ್ರವಗಳಿಂದ ತೊಳೆದಾಗ ಅದೇ ನೆಗೆಟಿವ್ ಚಿತ್ರವಾಗಿ ಮೂಡುತ್ತದೆ. ಒಂದು ಫಲಕಕ್ಕೆ ಒಂದೇ ಚಿತ್ರ. ಕೆಟ್ಟರೆ ಅದು ಕೆಟ್ಟಂತೆಯೇ. ಗಾಜಾದುದರಿಂದ ಭಾರವೂ ಹೆಚ್ಚು, ಒಡೆಯುವ ಭಯವೂ ಹೆಚ್ಚು.

1927ರ ಏಪ್ರಿಲ್ ತಿಂಗಳು. ಆಡಮ್ಸನಿಗೆ ಆಗ ಇಪ್ಪತ್ತೈದು ವರ್ಷ. ಒಂದು ಮುಂಜಾನೆ ಆತನು ನಾಲ್ವರು ಸಂಗಡಿಗರೊಡನೆ ಹಾಫ್ ಡೋಮ್ ಶಿಖರದ ಪಕ್ಕಕ್ಕಿರುವ ಎತ್ತರದ ಸ್ಥಳವೊಂದಕ್ಕೆ ಹೊರಟನು. ಅವರಲ್ಲಿ ವರ್ಜಿನಿಯಾ ಬೆಸ್ಟ್ ಎಂಬ ತರುಣಿಯೂ ಇದ್ದಳು. ಮರುವರ್ಷ ಅವರಿಬ್ಬರಿಗೂ ವಿವಾಹವಾಯಿತು. ಶಿಖರದ ಪಶ್ಚಿಮದ ಹೆಗಲಿನಲ್ಲಿ ಬಂಡೆಯೊಂದು ಕಣಿವೆಯ ಮೇಲಕ್ಕೆ ಚಾಚಿಕೊಂಡಿದೆ. ಈಜುಗಾರರು ನೀರಿಗೆ ಹಾರಲು ಬಳಸುವ ಹಲಗೆಯಂತಿರುವುದರಿಂದ ಅದಕ್ಕೆ ಡೈವಿಂಗ್ ಬೋರ್ಡ್ ಎಂದೇ ಹೆಸರು. ಅದರ ಕೆಳಗೆ ಸಾವಿರಾರು ಅಡಿಗಳ ಪ್ರಪಾತ. ಅಲ್ಲಿ ನಿಂತರೆ ಹಾಫ್ ಡೋಮ್ ಶಿಖರದ ಸೀಳಿದ ಮುಖವು ಓರೆಯಾಗಿ, ಅತಿ ಸಮೀಪದಲ್ಲಿ, ಆಕಾಶವನ್ನು ತಡೆದು ನಿಂತಂತೆ ಕಾಣುತ್ತದೆ.

ದಾರಿಯೆಂಬುದೇನೂ ಇರಲಿಲ್ಲ. ಕಡಿದಾದ ಕೊರಕಲಿನಲ್ಲಿ ಇನ್ನೂ ಕರಗದಿದ್ದ ಹಿಮದ ಮೇಲೆ ಕಾಲಿಡುತ್ತ ಏರಬೇಕಾಗಿತ್ತು. ಆಡಮ್ಸನ ಬೆನ್ನಮೇಲೆ ಕ್ಯಾಮರಾ, ಮಸೂರಗಳು, ಬಣ್ಣದ ಫಿಲ್ಟರುಗಳು, ಹನ್ನೆರಡು ಗಾಜಿನ ಫಲಕಗಳು. ಇವುಗಳೊಡನೆ ಭಾರವಾದ ಮುಕ್ಕಾಲಿ. ದಾರಿಯುದ್ದಕ್ಕೂ ಆತನು ಚಿತ್ರಗಳನ್ನು ತೆಗೆಯುತ್ತ ಹೋದನು. ಕೆಲವು ಫಲಕಗಳು ಕೆಟ್ಟವು. ನಡುಹಗಲಿನ ಹೊತ್ತಿಗೆ ಅವರು ಆ ಚಾಚುಬಂಡೆಯನ್ನು ಸೇರಿದಾಗ ಎದುರಿನ ಶಿಖರದ ಮುಖವು ಇನ್ನೂ ನೆರಳಿನಲ್ಲಿತ್ತು. ಆತನ ಚೀಲದಲ್ಲಿ ಉಳಿದಿದ್ದವು ಎರಡೇ ಫಲಕಗಳು.

ಆಡಮ್ಸನು ಕಾದನು. ಬೆಟ್ಟಗಳಲ್ಲಿ ಕಳೆದ ಹನ್ನೊಂದು ಬೇಸಗೆಗಳು ಆತನಿಗೆ ಕಾಯುವುದನ್ನು ಕಲಿಸಿದ್ದವು. ಸೂರ್ಯನು ಪಶ್ಚಿಮದ ಕಡೆ ಸರಿದಂತೆ ಬಂಡೆಯ ಮೇಲಿನ ನೆರಳೂ ಸ್ವಲ್ಪ ಸ್ವಲ್ಪವಾಗಿ ಹಿಂದೆ ಸರಿಯಿತು. ಮಧ್ಯಾಹ್ನ ಸುಮಾರು ಎರಡೂವರೆ ಗಂಟೆಗೆ ಬಿಸಿಲು ಓರೆಯಾಗಿ ಬಂದು ಆ ಕಲ್ಲಿನ ಮುಖದ ಮೇಲೆ ಬಿದ್ದಿತು. ಆತನು ಮಸೂರಕ್ಕೆ ಹಳದಿಯ ಫಿಲ್ಟರನ್ನು ಹಾಕಿ ಮೊದಲನೆಯ ಫಲಕದ ಮೇಲೆ ಚಿತ್ರವನ್ನು ತೆಗೆದನು. ಛಾಯಾಗ್ರಾಹಕರೆಲ್ಲರೂ ಅನುಸರಿಸುತ್ತಿದ್ದ ವಾಡಿಕೆಯ ಕ್ರಮವದು. ತಾಂತ್ರಿಕವಾಗಿ ಅದರಲ್ಲಿ ಯಾವ ತಪ್ಪೂ ಇರಲಿಲ್ಲ.

ಆದರೆ ಫಲಕವನ್ನು ಹೊರತೆಗೆಯುತ್ತಿರುವಾಗಲೇ ಆಡಮ್ಸನ ಮನಸ್ಸಿನಲ್ಲಿ ಅತೃಪ್ತಿಯೊಂದು ಮೂಡಿತು. ಈ ಚಿತ್ರವನ್ನು ಅಚ್ಚುಮಾಡಿದಾಗ ಅದು ಹೇಗೆ ಕಾಣುವುದೆಂದು ಆತನು ಕಣ್ಣಿನ ಮುಂದೆ ತಂದುಕೊಂಡನು. ಆಕಾಶವು ತೆಳುವಾದ ಬೂದುಬಣ್ಣ, ಬಂಡೆಯೂ ಬೂದುಬಣ್ಣ. ಹಾಫ್ ಡೋಮ್ ಶಿಖರದ ಆಕಾರವೆಲ್ಲವೂ ಇರುತ್ತದೆ. ಆದರೆ ಆ ಪ್ರಪಾತದ ಅಂಚಿನಲ್ಲಿ ನಿಂತಾಗ ಎದೆಯಲ್ಲಿ ಉಂಟಾದ ಬೆರಗು ಅದರಲ್ಲಿ ಇರುವುದಿಲ್ಲ. ತನಗೆ ಆ ಬಂಡೆಯು ಹೇಗೆ ಕಂಡಿತು? ಕತ್ತಲೆಯಂತಹ ಆಕಾಶದ ಎದುರಿಗೆ ಎದ್ದು ನಿಂತು ಬೆಳಗುವ ಮಹಾಶಿಲೆಯಾಗಿ ಕಂಡಿತ್ತು. ಹಾಗಾದರೆ ಚಿತ್ರದಲ್ಲಿಯೂ ಆಕಾಶವು ಕಪ್ಪಾಗಬೇಕು.

ಇದಕ್ಕೆ ಉಪಾಯವು ಆತನ ಚೀಲದಲ್ಲಿಯೇ ಇತ್ತು. ಅದು ಗಾಢವಾದ ಕೆಂಪು ಫಿಲ್ಟರು. ಅದರ ಗುಟ್ಟು ಕಷ್ಟವಾದುದಲ್ಲ. ಸೂರ್ಯನ ಬಿಳಿಯ ಬೆಳಕಿನಲ್ಲಿ ಎಲ್ಲ ಬಣ್ಣಗಳೂ ಅಡಗಿವೆ. ಆಕಾಶದಿಂದ ನಮ್ಮ ಕಣ್ಣಿಗೆ ಬರುವುದು ಹೆಚ್ಚಾಗಿ ನೀಲಿಯ ಬೆಳಕು. ಛಾಯಾಚಿತ್ರದ ಲೇಪವು ನೀಲಿಗೆ ಬೇಗನೆ ಸ್ಪಂದಿಸುವುದರಿಂದ ಸಾಧಾರಣ ಚಿತ್ರಗಳಲ್ಲಿ ಆಕಾಶವು ಬಿಳಿಚಿಕೊಂಡಿರುತ್ತದೆ. ಹಳದಿಯ ಗಾಜು ಈ ನೀಲಿಯಲ್ಲಿ ಸ್ವಲ್ಪ ಭಾಗವನ್ನು ತಡೆಯುತ್ತದೆ. ಕೆಂಪು ಗಾಜು ಅದನ್ನು ಬಹುಮಟ್ಟಿಗೆ ತಡೆದುಬಿಡುತ್ತದೆ. ಆಗ ಫಲಕಕ್ಕೆ ಆಕಾಶದ ಬೆಳಕು ತಲುಪುವುದೇ ಇಲ್ಲವೆನ್ನಬಹುದು; ಅಚ್ಚಿನಲ್ಲಿ ಆಕಾಶವು ಕಪ್ಪಾಗುತ್ತದೆ. ಬಿಸಿಲು ಬಿದ್ದ ಬಂಡೆ ಮತ್ತು ಹಿಮಗಳಿಂದ ಎಲ್ಲ ಬಣ್ಣಗಳ ಬೆಳಕೂ ಬರುವುದರಿಂದ ಅವು ಬೆಳಗುತ್ತಲೇ ಇರುತ್ತವೆ. ಆದರೆ ಒಂದು ತೊಡಕುಂಟು. ಒಟ್ಟಿನ ಬೆಳಕು ಕಡಿಮೆಯಾಗುವುದರಿಂದ ಮಸೂರವನ್ನು ಹೆಚ್ಚು ಹೊತ್ತು ತೆರೆದಿಡಬೇಕು. ಆ ಹೊತ್ತಿನಲ್ಲಿ ಗಾಳಿ ಬೀಸಿ ಕ್ಯಾಮರಾ ಅಲುಗಿದರೆ ಎಲ್ಲವೂ ಹಾಳು.

ಉಳಿದಿದ್ದುದು ಒಂದೇ ಫಲಕ. ಎರಡನೆಯ ಅವಕಾಶದ ಮಾತೇ ಇರಲಿಲ್ಲ. ಆಡಮ್ಸನು ಹಳದಿಯ ಫಿಲ್ಟರನ್ನು ತೆಗೆದು ಕೆಂಪು ಫಿಲ್ಟರನ್ನು ಹಾಕಿದನು; ಕೊನೆಯ ಫಲಕವನ್ನು ಸೇರಿಸಿದನು; ಮಸೂರವನ್ನು ಐದು ಸೆಕೆಂಡುಗಳ ಕಾಲ ತೆರೆದು ಮುಚ್ಚಿದನು. ಅಲ್ಲಿಗೆ ಕೆಲಸ ಮುಗಿಯಿತು. ಚಿತ್ರವು ಸರಿಯಾಗಿ ಬಂದಿದೆಯೋ ಇಲ್ಲವೋ ಎಂಬುದನ್ನು ಆ ಕ್ಷಣದಲ್ಲಿ ತಿಳಿಯುವ ಮಾರ್ಗವೇ ಇರಲಿಲ್ಲ. ಆ ಗಾಜನ್ನು ಬೆನ್ನಮೇಲೆ ಹೊತ್ತು, ಜಾರುವ ಹಿಮದ ಮೇಲೆ ಒಂದೊಂದೇ ಹೆಜ್ಜೆಯನ್ನಿಟ್ಟು ಕೆಳಗಿಳಿಯಬೇಕಾಗಿತ್ತು. ಒಮ್ಮೆ ಎಡವಿದ್ದರೂ ಆ ಐದು ಸೆಕೆಂಡುಗಳು ಚೂರುಚೂರಾಗುತ್ತಿದ್ದವು.

ಫಲಕವನ್ನು ತೊಳೆದಾಗ ಆಡಮ್ಸನು ಮನಸ್ಸಿನಲ್ಲಿ ಕಂಡಿದ್ದ ಚಿತ್ರವೇ ಎದುರಿಗೆ ಮೂಡಿತು. ಕಪ್ಪು ಆಕಾಶ, ಅದರ ಎದುರಿಗೆ ಬೆಳಗುತ್ತಿರುವ ಏಕಶಿಲೆಯ ಮುಖ, ಬುಡದಲ್ಲಿ ಹೊಳೆಯುವ ಹಿಮ. ‘ಏಕಶಿಲೆ: ಹಾಫ್ ಡೋಮ್‌ನ ಮುಖ’ ಎಂಬ ಅರ್ಥದ ಹೆಸರಿನಿಂದ ಆ ಚಿತ್ರವು ಪ್ರಸಿದ್ಧವಾಗಿದೆ. ಅದೇ ವರ್ಷ ಹೊರಬಂದ ಆತನ ಮೊದಲ ಚಿತ್ರಸಂಪುಟದಲ್ಲಿ ಅದೂ ಸೇರಿತು. ಕ್ಯಾಮರಾದ ಗುಂಡಿಯನ್ನು ಒತ್ತುವ ಮೊದಲೇ ಮುಗಿದ ಚಿತ್ರವನ್ನು ಮನಸ್ಸಿನಲ್ಲಿ ಸ್ಪಷ್ಟವಾಗಿ ಕಾಣಬೇಕು. ಅನಂತರ ಫಿಲ್ಟರು, ಬೆಳಕಿನ ಅಳತೆ, ತೊಳೆಯುವ ಕ್ರಮ ಎಲ್ಲವನ್ನೂ ಆ ಕಾಣ್ಕೆಗೆ ಅಧೀನಮಾಡಬೇಕು. ಆ ಮಧ್ಯಾಹ್ನ ಆತನಿಗೆ ದೊರೆತ ಈ ತತ್ತ್ವವನ್ನು ಮುಂದೆ ಜೀವಮಾನವಿಡೀ ಶಿಷ್ಯರಿಗೆ ಬೋಧಿಸಿದನು.

ಆಗಲೂ ಆತನು ಹವ್ಯಾಸಿಯೇ, ಪಿಯಾನೋವನ್ನು ಬಿಟ್ಟಿರಲಿಲ್ಲ. ಎರಡು ದೋಣಿಗಳಲ್ಲಿ ಕಾಲಿಟ್ಟು ಬಹುದಿನ ಸಾಗಲಾಗದು. 1930ರಲ್ಲಿ ಪಾಲ್ ಸ್ಟ್ರ್ಯಾಂಡ್ ಎಂಬ ಹಿರಿಯ ಛಾಯಾಗ್ರಾಹಕನ ಭೇಟಿಯಾಯಿತು. ಸ್ಟ್ರ್ಯಾಂಡನು ತನ್ನ ನೆಗೆಟಿವ್‌ಗಳನ್ನು ಬೆಳಕಿಗೆ ಹಿಡಿದು ತೋರಿಸಿದಾಗ, ಛಾಯಾಗ್ರಹಣವು ಯಾವ ಕಲೆಗೂ ಕಡಿಮೆಯದಲ್ಲವೆಂಬುದು ಆಡಮ್ಸನಿಗೆ ಮನದಟ್ಟಾಯಿತು. ಸಂಗೀತವನ್ನು ಬಿಟ್ಟು ಕ್ಯಾಮರಾವನ್ನೇ ಹಿಡಿಯುವೆನೆಂದು ಆತನು ಹೇಳಿದಾಗ ಮನೆಯಲ್ಲಿ ವಿರೋಧವು ಹುಟ್ಟಿತು. ಮನುಷ್ಯನ ಅಂತರಂಗವನ್ನು ಕ್ಯಾಮರಾ ತೋರಿಸಬಲ್ಲುದೇ ಎಂಬುದು ಮನೆಯ ಹಿರಿಯರ ಆಕ್ಷೇಪ. ಕ್ಯಾಮರಾದಿಂದ ಆಗದಿದ್ದರೂ ಅದನ್ನು ಹಿಡಿದವನಿಂದ ಆದೀತೆಂಬುದು ಆತನ ಉತ್ತರ. ಹದಿನಾಲ್ಕು ವರ್ಷಗಳ ಹವ್ಯಾಸವು ಹೀಗೆ ಆತನ ವೃತ್ತಿಯಾಯಿತು.

ಈ ಹಾದಿಯಲ್ಲಿ ನಷ್ಟಗಳೂ ಇದ್ದವು. 1937ರ ಬೇಸಗೆಯಲ್ಲಿ ಆತನು ಸ್ನೇಹಿತರೊಡನೆ ಎತ್ತರದ ಪರ್ವತಗಳಲ್ಲಿ ಸಂಚರಿಸಿ ಯೊಸೆಮಿಟಿಗೆ ಹಿಂತಿರುಗಿದಾಗ, ಕತ್ತಲೆಕೋಣೆಯು ಹೊತ್ತಿ ಉರಿಯುತ್ತಿತ್ತು. ವರ್ಷಗಟ್ಟಲೆ ಬೆಟ್ಟಗಳನ್ನು ಹತ್ತಿ ಇಳಿದು ಸಂಪಾದಿಸಿದ ನೆಗೆಟಿವ್‌ಗಳಲ್ಲಿ ಬಹಳಷ್ಟು ಸುಟ್ಟುಹೋದವು. ಕೈಗೆ ಸಿಕ್ಕವನ್ನು ಸ್ನಾನದ ತೊಟ್ಟಿಯ ನೀರಿಗೆ ಹಾಕಿ ಉಳಿಸಿಕೊಂಡರು. ಬೆಟ್ಟಗಳು ಅಲ್ಲಿಯೇ ಇದ್ದುವು. ಆದರೆ ಆ ದಿನದ ಆ ಬೆಳಕು ಮತ್ತೆ ಬರುವಂತಿರಲಿಲ್ಲ. ಆಡಮ್ಸನು ಎದೆಗುಂದದೆ ಮತ್ತೆ ಬೆನ್ನಿಗೆ ಕ್ಯಾಮರಾವನ್ನು ಏರಿಸಿದನು.

ತನಗೆ ಇಷ್ಟೆಲ್ಲವನ್ನೂ ಕೊಟ್ಟ ಪರ್ವತಗಳಿಗೆ ಆತನು ಪ್ರತಿಯಾಗಿ ಏನನ್ನಾದರೂ ಕೊಟ್ಟನೇ? ಕೊಟ್ಟನು. ಯೊಸೆಮಿಟಿಯ ದಕ್ಷಿಣಕ್ಕೆ ಕಿಂಗ್ಸ್ ಕ್ಯಾನಿಯನ್ ಎಂಬ ಕಾಡುಕಣಿವೆಯಿದೆ. ಅದನ್ನು ರಾಷ್ಟ್ರೀಯ ಉದ್ಯಾನವಾಗಿ ಉಳಿಸಬೇಕೆಂದು ಸಿಯೆರಾ ಕ್ಲಬ್ ಹೋರಾಡುತ್ತಿತ್ತು. 1936ರಲ್ಲಿ ಆಡಮ್ಸನು ತನ್ನ ಚಿತ್ರಗಳ ಕಟ್ಟನ್ನು ಹೊತ್ತು ರಾಜಧಾನಿಯಾದ ವಾಷಿಂಗ್ಟನ್ನಿಗೆ ಹೋಗಿ ಶಾಸನಸಭೆಯ ಸದಸ್ಯರಿಗೆ ತೋರಿಸಿದನು. ಆ ಕಣಿವೆಯನ್ನು ಎಂದೂ ಕಾಣದಿದ್ದವರು ಚಿತ್ರಗಳ ಮೂಲಕ ಅದನ್ನು ಕಂಡರು. 1938ರಲ್ಲಿ ಆ ಪರ್ವತಗಳ ಚಿತ್ರಗಳು ಪುಸ್ತಕವಾಗಿ ಹೊರಬಂದವು. ಒಂದು ಪ್ರತಿಯು ಮಂತ್ರಿಯಾದ ಹೆರಾಲ್ಡ್ ಇಕ್ಸ್ ಅವರ ಕೈಸೇರಿ, ಅವರಿಂದ ಅಧ್ಯಕ್ಷ ರೂಸ್‌ವೆಲ್ಟ್ ಅವರ ಬಳಿಗೆ ಹೋಯಿತು. ಅಧ್ಯಕ್ಷರು ಅದನ್ನು ಮೆಚ್ಚಿ ತಾವೇ ಇಟ್ಟುಕೊಂಡರು. 1940ರಲ್ಲಿ ಕಿಂಗ್ಸ್ ಕ್ಯಾನಿಯನ್ ರಾಷ್ಟ್ರೀಯ ಉದ್ಯಾನವಾಯಿತು. ಅನೇಕರ ಶ್ರಮದ ಫಲವದು. ಆಡಮ್ಸನ ಚಿತ್ರಗಳ ಪಾಲೂ ಅದರಲ್ಲಿತ್ತು.

ಬೆಟ್ಟದಲ್ಲಿ ಕಾಯುತ್ತ ಕಲಿತ ಪಾಠವು ಕಾಯಲು ಬಿಡುವೇ ಇಲ್ಲದ ಹೊತ್ತಿನಲ್ಲಿಯೂ ಆತನ ನೆರವಿಗೆ ಬಂದಿತು. 1941ರ ಶರತ್ಕಾಲದ ಒಂದು ಸಂಜೆ ಆತನು ನ್ಯೂ ಮೆಕ್ಸಿಕೋ ಪ್ರಾಂತದಲ್ಲಿ ಮೋಟಾರಿನಲ್ಲಿ ಹಿಂತಿರುಗುತ್ತಿದ್ದನು. ಹರ್ನಾಂಡೆಜ್ ಎಂಬ ಹಳ್ಳಿಯ ಹತ್ತಿರ ಒಂದು ಅಪೂರ್ವ ನೋಟವು ಕಣ್ಣಿಗೆ ಬಿದ್ದಿತು. ದೂರದ ಹಿಮಶಿಖರಗಳ ಮೇಲೆ ಚಂದ್ರನು ಏರಿದ್ದನು. ಹಿಂದಿನಿಂದ ಮುಳುಗುತ್ತಿದ್ದ ಸೂರ್ಯನ ಕೊನೆಯ ಕಿರಣಗಳು ಹಳ್ಳಿಯ ಸ್ಮಶಾನದ ಶಿಲುಬೆಗಳನ್ನು ಬೆಳಗಿಸಿದ್ದುವು. ಆಡಮ್ಸನು ವಾಹನವನ್ನು ದಾರಿಯ ಬದಿಗೆ ನಿಲ್ಲಿಸಿ, ದೊಡ್ಡ ಕ್ಯಾಮರಾವನ್ನು ಆತುರಾತುರವಾಗಿ ಹೂಡಿದನು. ಬೆಳಕನ್ನು ಅಳೆಯುವ ಉಪಕರಣವು ಎಷ್ಟು ಹುಡುಕಿದರೂ ಸಿಗಲಿಲ್ಲ. ಸೂರ್ಯನು ಕಾಯುವವನಲ್ಲ. ಆಗ ಚಂದ್ರನ ಪ್ರಕಾಶದ ಪ್ರಮಾಣವು ಆತನ ನೆನಪಿಗೆ ಬಂದಿತು. ಅದೊಂದೇ ಅಂಕಿಯ ಆಧಾರದಿಂದ ಮನಸ್ಸಿನಲ್ಲಿಯೇ ಲೆಕ್ಕಹಾಕಿ ಒಂದು ಚಿತ್ರವನ್ನು ತೆಗೆದನು. ಇನ್ನೊಂದನ್ನು ತೆಗೆಯಲು ಸಿದ್ಧನಾಗುವಷ್ಟರಲ್ಲಿ ಶಿಲುಬೆಗಳ ಮೇಲಿನ ಬೆಳಕು ಆರಿಹೋಯಿತು.

ಆ ಒಂದೇ ಒಂದು ಚಿತ್ರವು ಆತನ ಎಲ್ಲ ಚಿತ್ರಗಳಲ್ಲಿ ಹೆಚ್ಚು ಹೆಸರಾಗಿದೆ. ಅದನ್ನು ತೆಗೆದ ದಿನವನ್ನು ಮಾತ್ರ ಆಡಮ್ಸನು ಬರೆದಿಟ್ಟುಕೊಳ್ಳಲು ಮರೆತಿದ್ದನು. ಚಂದ್ರನ ಸ್ಥಾನವನ್ನು ಲೆಕ್ಕಹಾಕಿ ಖಗೋಳ ತಜ್ಞರು ಆ ತೇದಿಯನ್ನು ಹುಡುಕಿದರು. 1941ರ ನವೆಂಬರ್ 1ರ ಸಂಜೆ 4 ಗಂಟೆ 49 ನಿಮಿಷದ ಸುಮಾರಿಗೆ ಅದನ್ನು ತೆಗೆಯಲಾಯಿತೆಂದು 1991ರಲ್ಲಿ ನಿರ್ಣಯವಾಯಿತು. ನಿಸರ್ಗದ ಚಿತ್ರವೊಂದು ಎಷ್ಟು ನಿಷ್ಠೆಯ ಸಾಕ್ಷಿಯಾಗಬಲ್ಲುದೆಂಬುದಕ್ಕೆ ಇದು ನಿದರ್ಶನ.

ಆಡಮ್ಸನಿಗೆ 1980ರಲ್ಲಿ ಅಮೆರಿಕದ ಅಧ್ಯಕ್ಷರು ನೀಡುವ ಸ್ವಾತಂತ್ರ್ಯ ಪದಕವು ದೊರೆಯಿತು. 1984ರ ಏಪ್ರಿಲ್ 22ರಂದು ಆತನು ತೀರಿಕೊಂಡನು. ಮರುವರ್ಷ ಸಿಯೆರಾ ನೆವಾಡದ ಒಂದು ಶಿಖರಕ್ಕೆ ಆತನ ಹೆಸರನ್ನಿಟ್ಟರು. ಹುಡುಗನಾಗಿದ್ದಾಗ ಕತ್ತೆಯ ಮೇಲೆ ಗುಡಾರವನ್ನು ಹೇರಿಕೊಂಡು ಅಲೆದ ಪರ್ವತಶ್ರೇಣಿಯಲ್ಲಿಯೇ ಆತನ ಹೆಸರು ಇಂದಿಗೂ ನಿಂತಿದೆ.

ಗಾಜಿನ ಫಲಕಗಳ ಕಾಲವು ಕಳೆದುಹೋಗಿದೆ. ಇಂದಿನ ಹವ್ಯಾಸಿಗೆ ಹನ್ನೆರಡು ಚಿತ್ರಗಳ ಮಿತಿಯಿಲ್ಲ. ಬೆನ್ನು ಬಾಗಿಸುವ ಹೊರೆಯಿಲ್ಲ. ತೆಗೆದ ಚಿತ್ರವು ಮರುಕ್ಷಣವೇ ಕಣ್ಣೆದುರಿಗೆ ಬರುತ್ತದೆ. ಇದು ಸಂತೋಷದ ಸಂಗತಿಯೇ. ಆದರೆ ಬಂಡೆಯ ಮೇಲಿನ ನೆರಳು ಇಂದಿಗೂ ತನ್ನ ಹೊತ್ತಿಗೇ ಸರಿಯುತ್ತದೆ. ಅದು ಸರಿಯುವವರೆಗೆ ಕಾಯುವವನಿಗೂ, ತಾನು ಕಂಡದ್ದೇನು ಎಂದು ತನ್ನನ್ನೇ ಕೇಳಿಕೊಳ್ಳುವವನಿಗೂ ಮಾತ್ರ ಬೆಟ್ಟವು ತನ್ನ ಮುಖವನ್ನು ತೋರುತ್ತದೆ. ಪ್ರವಾಸಕ್ಕೆ ಹೊರಡುವ ತರುಣರು ಕ್ಯಾಮರಾವನ್ನು ಒಯ್ಯಲಿ. ಕೈಯಲ್ಲಿ ಉಳಿದಿರುವುದು ಕೊನೆಯ ಫಲಕವೆಂದು ಭಾವಿಸಿ, ಅದನ್ನು ಕಣ್ಣಿಗೆ ಎತ್ತುವ ಮೊದಲು ಒಮ್ಮೆ ನಿಂತು ನೋಡಲಿ.